ಬೇಗೂರಿನ ಕಲ್ಲನ್ನು ಓದುವ ಉಪಾಯಗಳು

ಯಾವ ಮಗುವನ್ನಾದರೂ ದೊಡ್ಡ ಆವಿಷ್ಕಾರ ಯಾವುದೆಂದು ಕೇಳಿ. ಬಲ್ಬು, ವಿಮಾನ, ಮೊಬೈಲು ಎನ್ನುತ್ತದೆ. ಅಕ್ಷರ ಎನ್ನುವುದಿಲ್ಲ. ಬಾಯಿಂದ ಹೊರಟು ಗಾಳಿಯಲ್ಲಿ ಕರಗುವ ಮಾತನ್ನು ಗೆರೆಗಳಲ್ಲಿ ಹಿಡಿದಿಡುವ ಉಪಾಯವೂ ಮನುಷ್ಯ ಕಂಡುಹಿಡಿದದ್ದೇ ಅಲ್ಲವೆ?

ಬೆಂಗಳೂರಿನಲ್ಲಿರುವ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದರೆ ಆ ಉಪಾಯದ ಗಟ್ಟಿತನ ಕಾಣುತ್ತದೆ. ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಶಾಸನ ಅಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬವನ ಕಡೆಯವರು ಮಡಿದ ಸುದ್ದಿ ಅದರಲ್ಲಿದೆ. ಕೆಂಪೇಗೌಡರು ಬೆಂಗಳೂರು ಪೇಟೆ ಕಟ್ಟಿಸಿದ್ದು 1537ರಲ್ಲಿ. ಊರಿನ ಹೆಸರು ಆರು ಶತಮಾನ ಮೊದಲೇ ಕಲ್ಲಿಗೇರಿತ್ತು!

ಬರೆದದ್ದು ಉಳಿದರೆ ಸಾಲದು, ಓದಲೂ ಬೇಕು. ಮಳೆ ಬಿಸಿಲಿಗೆ ಕಲ್ಲಿನ ಅಕ್ಷರಗಳು ಸವೆಯುತ್ತವೆ. ಇಲ್ಲಿ ನೆರವಿಗೆ ಬಂದದ್ದು ಕಾಗದ. ಅದು ಚೀನಾದಲ್ಲಿ ಹುಟ್ಟಿ ಸುಮಾರು 2000 ವರ್ಷಗಳಾದವು. ಶಾಸನ ಓದುವವರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟುತ್ತಾರೆ. ಅಕ್ಷರದ ಗೆರೆಯಿರುವಲ್ಲಿ ಕಾಗದ ಒಳಕ್ಕೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ತಗ್ಗಿಗೆ ಮಸಿ ತಾಕದು. ಕಪ್ಪು ಹಾಳೆಯಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಇದೇ ಪಡಿಯಚ್ಚು. ನಾಡಿನ ಸಾವಿರಾರು ಶಾಸನಗಳನ್ನು ಓದಲು ಇಷ್ಟು ಸರಳ ಕೆಲಸ ನೆರವಾಯಿತು ಎಂಬುದೇ ನನಗೆ ಬೆರಗು.

ಗೆರೆ ತೀರಾ ಸವೆದಿದ್ದರೆ ಕಾಗದವೂ ಸೋಲುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಈಗ ಸುತ್ತಮುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಇಂಥ ಒಂದು ಬಗೆಯ ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕಿನ ಪಟ್ಟೆಗಳನ್ನು ಚೆಲ್ಲುತ್ತದೆ. ಮೇಲ್ಮೈ ಸಮವಾಗಿದ್ದರೆ ಪಟ್ಟೆ ನೇರ. ತಗ್ಗು ಸಿಕ್ಕಲ್ಲಿ ಬಾಗುತ್ತದೆ. ಆ ಬಾಗನ್ನು ಕ್ಯಾಮೆರಾ ಹಿಡಿದರೆ, ಎಷ್ಟು ಆಳವೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯ ಮೇಲೆ ಆ ಕಲ್ಲಿಗೆ ಯಾವ ಮೂಲೆಯಿಂದ ಬೇಕಾದರೂ ಬೆಳಕು ಬಿಡಬಹುದು.

ಇದರ ಅರ್ಧ ಗುಟ್ಟನ್ನು ನೀವೇ ನೋಡಬಹುದು. ಕತ್ತಲಾದ ಮೇಲೆ ಮೇಜಿನ ಮೇಲಿಟ್ಟ ಒಂದು ನಾಣ್ಯಕ್ಕೆ ನೇರ ಮೇಲಿನಿಂದ ಟಾರ್ಚ್ ಬಿಡಿ, ಆಮೇಲೆ ಟಾರ್ಚನ್ನು ಪಕ್ಕದಲ್ಲಿ, ಮೇಜಿನ ಮಟ್ಟಕ್ಕೆ ಹಿಡಿಯಿರಿ. ಉಬ್ಬುಗಳಿಗೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಶಾಸನಕ್ಕೂ ಹೀಗೆ ಟಾರ್ಚ್ ಹಿಡಿಯಬಹುದು. ಕಾಣಲೆಂದು ಬಣ್ಣವನ್ನಂತೂ ಬಳಿಯಬೇಡಿ.