ಕಾರ್ಖಾನೆ ಉದ್ಯೋಗ: ಹೇಳುವ ಸಂಬಳ ಮತ್ತು ಕೈಸೇರುವ ಸಂಬಳ
(ಗ್ರಾಮೀಣ ಯುವಜನರು ಹಾಗೂ ಅವರ ಪೋಷಕರ ಮಾಹಿತಿಗಾಗಿ)

ಪ್ರತಿ ವರ್ಷ ಪಿಯುಸಿ ಮತ್ತು ಐಟಿಐ ಫಲಿತಾಂಶಗಳು ಪ್ರಕಟವಾದ ನಂತರ ಗ್ರಾಮಗಳ ಅನೇಕ ಯುವಕ ಯುವತಿಯರು ಕಾರ್ಖಾನೆಗಳ ಕೆಲಸ ಅರಸಿ ಊರು ಬಿಡುತ್ತಾರೆ. "ತಿಂಗಳಿಗೆ ಹದಿನಾರು ಸಾವಿರ" ಎಂಬ ಮಾತು ಕೇಳಿ ಹೊರಟವರು ಮೊದಲ ತಿಂಗಳ ಸಂಬಳದಲ್ಲಿ ಹನ್ನೆರಡು ಸಾವಿರವನ್ನಷ್ಟೇ ಕಂಡಾಗ ಮೋಸಹೋದೆವೆಂದು ಭಾವಿಸಿ ಹಿಂತಿರುಗುವುದುಂಟು. ಕೆಲವೊಮ್ಮೆ ಅದು ನಿಜವಾಗಿಯೂ ಮೋಸವಾಗಿರುತ್ತದೆ. ಹಲವು ಬಾರಿ ಲೆಕ್ಕ ತಿಳಿಯದಿರುವುದೇ ಕಾರಣವಾಗಿರುತ್ತದೆ. ಈ ಎರಡರ ವ್ಯತ್ಯಾಸವನ್ನು ತಿಳಿಸುವುದು ಈ ಲೇಖನದ ಉದ್ದೇಶ.

1. ಉದ್ಯೋಗಾವಕಾಶಗಳು ಎಲ್ಲಿವೆ?

ರಾಜ್ಯದಲ್ಲಿ ಮಹಿಳೆಯರಿಗೆ ಅತಿ ಹೆಚ್ಚು ಕಾರ್ಖಾನೆ ಉದ್ಯೋಗ ನೀಡುತ್ತಿರುವ ಕ್ಷೇತ್ರಗಳಲ್ಲಿ ಸಿದ್ಧ ಉಡುಪು ಪ್ರಮುಖವಾದುದು. ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದ್ದ ಈ ಘಟಕಗಳು ರಾಮನಗರ, ಮಂಡ್ಯ, ತುಮಕೂರು, ಹಾಸನ ಮುಂತಾದ ಕಡೆಗಳಿಗೂ ವಿಸ್ತರಿಸಿವೆ. ಕೋಲಾರದ ನರಸಾಪುರ ಹಾಗೂ ದೇವನಹಳ್ಳಿ ಭಾಗದಲ್ಲಿ ಮೊಬೈಲ್ ಫೋನ್ ಜೋಡಣೆ, ಬಿಡದಿಯಲ್ಲಿ ವಾಹನ ತಯಾರಿಕೆ, ಬೆಳಗಾವಿಯಲ್ಲಿ ವಿಮಾನ ಬಿಡಿಭಾಗಗಳ ತಯಾರಿಕೆ, ತೋರಣಗಲ್ಲಿನಲ್ಲಿ ಉಕ್ಕು ಉತ್ಪಾದನೆ ನಡೆಯುತ್ತಿವೆ. 2025-30ರ ರಾಜ್ಯ ಕೈಗಾರಿಕಾ ನೀತಿಯು 20 ಲಕ್ಷ ಉದ್ಯೋಗ ಸೃಷ್ಟಿಯ ಗುರಿ ಹೊಂದಿದ್ದು, ಬೆಂಗಳೂರಿನಾಚೆಯ ತಾಲ್ಲೂಕುಗಳಲ್ಲಿ ಹೂಡಿಕೆಗೆ ಹೆಚ್ಚಿನ ಉತ್ತೇಜನ ನೀಡುತ್ತದೆ.

ಆದರೆ ಎಲ್ಲ ಕೆಲಸಗಳ ಭವಿಷ್ಯವೂ ಒಂದೇ ಬಗೆಯದಲ್ಲ. ಉಡುಪು ಘಟಕಗಳು ಬಹುಮಟ್ಟಿಗೆ ರಫ್ತನ್ನು ಅವಲಂಬಿಸಿವೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಈ ಕ್ಷೇತ್ರ ಆತಂಕಕ್ಕೊಳಗಾದುದನ್ನು ಇಲ್ಲಿ ಸ್ಮರಿಸಬಹುದು. ಕೆಲವೇ ದಿನಗಳಲ್ಲಿ ಕಲಿಯಬಹುದಾದ ಜೋಡಣೆ ಕೆಲಸ ಬೇಗ ಸಿಗುತ್ತದೆ. ಆದರೆ ಅದರ ವೇತನ ಕನಿಷ್ಠ ವೇತನದ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಸಿಎನ್‌ಸಿ ಯಂತ್ರ ನಿರ್ವಹಣೆ, ವೆಲ್ಡಿಂಗ್, ವಿದ್ಯುತ್ ದುರಸ್ತಿ, ಅಚ್ಚು ತಯಾರಿಕೆ ಬಲ್ಲವರಿಗೆ ಒಂದು ಕಾರ್ಖಾನೆ ಮುಚ್ಚಿದರೂ ಮತ್ತೊಂದರಲ್ಲಿ ಕೆಲಸ ದೊರೆಯುವ ಸಂಭವ ಹೆಚ್ಚು.

2. ಸಂಬಳದ ಲೆಕ್ಕ

ಕನಿಷ್ಠ ವೇತನವನ್ನು ರಾಜ್ಯ ಸರ್ಕಾರವು ಕೆಲಸದ ಕೌಶಲ ಮತ್ತು ಪ್ರದೇಶದ ಆಧಾರದ ಮೇಲೆ ನಿಗದಿಪಡಿಸುತ್ತದೆ. ಬೆಲೆ ಸೂಚ್ಯಂಕಕ್ಕೆ ಅನುಗುಣವಾಗಿ ವ್ಯತ್ಯಸ್ತ ತುಟ್ಟಿಭತ್ಯೆಯು ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಆದುದರಿಂದ ಏಪ್ರಿಲ್ ತಿಂಗಳ ವೇತನ ಚೀಟಿಯನ್ನು ಮಾರ್ಚ್ ತಿಂಗಳ ಚೀಟಿಯೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ಉದಾಹರಣೆಗೆ, ಒಬ್ಬ ಕಾರ್ಮಿಕರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ರೂ. 14,000 ಎಂದಿಟ್ಟುಕೊಳ್ಳೋಣ.

• ಕಾರ್ಮಿಕರ ಭವಿಷ್ಯ ನಿಧಿ ವಂತಿಗೆ (ಶೇ. 12): ರೂ. 1,680
• ಕಾರ್ಮಿಕರ ಇಎಸ್‌ಐ ವಂತಿಗೆ (ಶೇ. 0.75): ರೂ. 105
• ಕೈಸೇರುವ ಮೊತ್ತ: ರೂ. 12,215
• ಮಾಲೀಕರ ಭವಿಷ್ಯ ನಿಧಿ ವಂತಿಗೆ (ಶೇ. 12): ರೂ. 1,680
• ಮಾಲೀಕರ ಇಎಸ್‌ಐ ವಂತಿಗೆ (ಶೇ. 3.25): ರೂ. 455

ಮಾಲೀಕರ ವಂತಿಗೆಯನ್ನೂ ಸೇರಿಸಿದರೆ ಒಟ್ಟು ರೂ. 16,135 ಆಗುತ್ತದೆ. "ಹದಿನಾರು ಸಾವಿರ" ಎಂಬುದು ಹೀಗೆ ಹುಟ್ಟುವ ಅಂಕಿ. ಇದರಲ್ಲಿ ಭವಿಷ್ಯ ನಿಧಿಯ ರೂ. 3,360 ಕಳೆದುಹೋಗುವ ಹಣವಲ್ಲ, ಕಾರ್ಮಿಕರ ಹೆಸರಿನಲ್ಲಿಯೇ ಜಮೆಯಾಗಬೇಕಾದ ಹಣ. ಹಾಗೆ ಜಮೆಯಾಗದಿದ್ದಲ್ಲಿ ಮಾತ್ರ ಅದು ಮೋಸ. ತಮ್ಮ ಯುಎಎನ್ ಸಂಖ್ಯೆ ಪಡೆದು, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ಪರಿಶೀಲಿಸುವುದು ಇದನ್ನು ತಿಳಿಯುವ ಒಂದು ಸುಲಭ ದಾರಿ. ವಸತಿ, ಊಟ, ವಾಹನದ ಕಡಿತಗಳಿದ್ದಲ್ಲಿ ಅವುಗಳ ಮೊತ್ತವನ್ನು ಕೆಲಸಕ್ಕೆ ಸೇರುವ ಮೊದಲೇ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.

3. ಕಾನೂನು ನೀಡಿರುವ ರಕ್ಷಣೆ

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ:

• ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಪಾವತಿಸಬೇಕು. ವೇತನ ಚೀಟಿ ನೀಡಬೇಕು.
• ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆದವರಿಗೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ನೀಡಬೇಕು.
• ಹೆಚ್ಚುವರಿ ಅವಧಿಯ ದುಡಿಮೆಗೆ ಎರಡು ಪಟ್ಟು ದರ ನೀಡಬೇಕು.
• ಒಟ್ಟು ಕಡಿತಗಳು ವೇತನದ ಅರ್ಧವನ್ನು ಮೀರುವಂತಿಲ್ಲ.
• ಬಾಕಿ ವೇತನದ ಬಗ್ಗೆ ಮೂರು ವರ್ಷಗಳೊಳಗೆ ಕ್ಲೇಮು ಸಲ್ಲಿಸಬಹುದು.

ಇಎಸ್‌ಐ ವಂತಿಗೆ ಸಲ್ಲಿಸುವವರ ಅವಲಂಬಿತ ಕುಟುಂಬದವರಿಗೂ ಚಿಕಿತ್ಸೆ ಲಭ್ಯ. ನಿಗದಿತ ದಿನಗಳ ವಂತಿಗೆ ಸಲ್ಲಿಸಿದ್ದಲ್ಲಿ ಅನಾರೋಗ್ಯದ ರಜೆಯಲ್ಲಿ ವೇತನದ ಶೇ. 70ರಷ್ಟು, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ದೊರೆಯುತ್ತದೆ. ಹೆರಿಗೆಗೆ 26 ವಾರಗಳ ಸೌಲಭ್ಯವಿದೆ.

4. ಭವಿಷ್ಯ ನಿಧಿಯನ್ನು ಕೈಬಿಡಬೇಡಿ

2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿ ಹಿಂಪಡೆಯುವ ನಿಯಮವನ್ನು ಬಿಗಿಗೊಳಿಸಲು ಹೊರಟಾಗ ಬೆಂಗಳೂರಿನ ಉಡುಪು ಕಾರ್ಖಾನೆಗಳ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂಪಡೆಯಿತು. ಕಡಿಮೆ ಸಂಬಳದ ಕುಟುಂಬಕ್ಕೆ ಆ ಹಣ ಮಗಳ ಮದುವೆ, ಮಗನ ಓದು, ಮನೆಯ ಚಾವಣಿ ಎಂಬುದನ್ನು ಆ ಘಟನೆ ಎಲ್ಲರಿಗೂ ತಿಳಿಸಿತು. ಆದರೆ ಕೆಲಸ ಬದಲಿಸಿದಾಗಲೆಲ್ಲ ಹಣ ಪೂರ್ಣ ಹಿಂಪಡೆದರೆ ಪಿಂಚಣಿಗೆ ಅಗತ್ಯವಾದ 10 ವರ್ಷಗಳ ಸೇವೆಯ ಲೆಕ್ಕ ಕಡಿದುಹೋಗುತ್ತದೆ. ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ ನೀಡಿ ಖಾತೆ ವರ್ಗಾಯಿಸಿಕೊಳ್ಳುವುದು ಒಳಿತು.

5. ಸಂಬಳ ಹೆಚ್ಚುವ ದಾರಿ

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಆಧುನಿಕ ಯಂತ್ರೋಪಕರಣಗಳೊಂದಿಗೆ ಮೇಲ್ದರ್ಜೆಗೇರಿಸಲಾಗಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು (ಜಿಟಿಟಿಸಿ) ಎಸ್‌ಎಸ್‌ಎಲ್‌ಸಿ ಉತ್ತೀರ್ಣರಿಗೆ ಅಚ್ಚು ತಯಾರಿಕೆಯ ಡಿಪ್ಲೊಮಾ ನೀಡುತ್ತವೆ. ಇಂದು ಸಿಗುವ ಕೆಲಸಕ್ಕೂ ಮೂರ್ನಾಲ್ಕು ವರ್ಷ ಕಲಿತು ಪಡೆಯುವ ಕೆಲಸಕ್ಕೂ ಇರುವ ಅಂತರವನ್ನು ಪೋಷಕರು ಮನೆಯಲ್ಲಿ ಕುಳಿತು ಚರ್ಚಿಸಬೇಕು. ಕಲಿಕೆಯ ವರ್ಷಗಳಲ್ಲಿ ಬರದ ಸಂಬಳವನ್ನು ನಷ್ಟವೆಂದೇ ಎಣಿಸಬಾರದು.

ನೇಮಕಾತಿ ಪತ್ರ, ವೇತನ ಚೀಟಿ, ಯುಎಎನ್ ಸಂಖ್ಯೆ, ಇಎಸ್‌ಐ ಸಂಖ್ಯೆ: ಈ ನಾಲ್ಕು ಕೈಯಲ್ಲಿದ್ದವರ ಹಕ್ಕನ್ನು ಯಾರೂ ಸುಲಭವಾಗಿ ಅಲ್ಲಗಳೆಯಲಾರರು. ವೇತನ ಬಾಕಿ ಅಥವಾ ಅಕ್ರಮ ಕಡಿತದ ದೂರುಗಳನ್ನು ಕಾರ್ಖಾನೆಯಿರುವ ಪ್ರದೇಶದ ಕಾರ್ಮಿಕ ಇಲಾಖೆಯ ಕಚೇರಿಗೆ ಸಲ್ಲಿಸಬಹುದು.

ಗ್ರಾಮ ಪಂಚಾಯತಿಗಳ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಈ ಲೇಖನವನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವಂತೆಯೂ, ಮುಂದಿನ ಗ್ರಾಮಸಭೆ ಹಾಗೂ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಓದಿ ತಿಳಿಸುವಂತೆಯೂ ಕೋರಲಾಗಿದೆ.