ಮರದ ಹುಡಿ ಮತ್ತು ನಮ್ಮ ಉಸಿರು: ಮನೆಯ ಮರಗೆಲಸದ ಚಪ್ಪರದಲ್ಲಿ ಧೂಳು ಹಿಡಿಯುವ ಬಗೆ

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಒಬ್ಬರು. ಬಾಚಿ ಹಿಡಿದು ಮರ ಕೆತ್ತುವುದು ಅವರ ಕಾಯಕ. ಅವರ ಧರ್ಮಪತ್ನಿ ಕಾಳವ್ವೆಯವರೂ ವಚನಕಾರ್ತಿ. ಬಾಚಿಯ ಏಟಿಗೆ ಮರದಿಂದ ಏಳುವುದು ಚಕ್ಕೆ. ಕೀಸುಳಿ ಆಡಿಸಿದರೆ ಬರುವುದು ಸುರುಳಿ ಸುರುಳಿಯಾದ ಹೊಟ್ಟು. ಎರಡೂ ಕಾಲಬುಡದಲ್ಲೇ ಬೀಳುತ್ತವೆ. ಈಗಿನ ವಿದ್ಯುತ್ ಗರಗಸ, ರೂಟರ್, ಸ್ಯಾಂಡರ್ ಯಂತ್ರಗಳು ಹಾಗಲ್ಲ, ಅವು ಮರವನ್ನು ಹಿಟ್ಟಿನಂತೆ ಅರೆಯುತ್ತವೆ. ಆ ಹಿಟ್ಟು ನೆಲಕ್ಕೆ ಬೀಳುವ ಮೊದಲು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಮನೆಯ ಹಿಂಬದಿಗೆ ಶೀಟು ಇಳಿಸಿಕೊಂಡು ಮರಗೆಲಸ ಮಾಡುವ ಆಚಾರಿಗಳಿದ್ದಾರೆ. ಬಾಗಿಲು, ದಾರಂದ, ಮಂಚದಿಂದ ಹಿಡಿದು ದೈವಸ್ಥಾನದ ಉರುಗಳ ಕೆತ್ತನೆಯವರೆಗೆ ಕೆಲಸ ಅಲ್ಲಿಯೇ ನಡೆಯುತ್ತದೆ. ನಿವೃತ್ತಿಯಾದ ಮೇಲೆ ಹವ್ಯಾಸಕ್ಕೆಂದು ಒಂದೆರಡು ಯಂತ್ರ ತಂದಿಟ್ಟುಕೊಂಡವರೂ ಉಂಟು. ೧೯೪೮ರ ಕಾರ್ಖಾನೆ ಕಾಯ್ದೆಯು ಕಾರ್ಖಾನೆಗಳಲ್ಲಿ ಧೂಳು ಹೊರಹಾಕುವ ಏರ್ಪಾಡು ಇರಬೇಕೆಂದು ವಿಧಿಸಿತ್ತು. ಆದರೆ ಮನೆಯ ಚಪ್ಪರದಲ್ಲಿ ಒಬ್ಬರೋ ಇಬ್ಬರೋ ಮಾಡುವ ಕೆಲಸಕ್ಕೆ ಅದು ತಲುಪಲಿಲ್ಲ. ಇಲ್ಲಿ ಧೂಳು ಕುಡಿಯುವವರು ಕೆಲಸಗಾರರು ಮಾತ್ರವೂ ಅಲ್ಲ. ಅಡುಗೆಮನೆಯ ಕಿಟಕಿ ಚಪ್ಪರದ ಕಡೆಗೇ ತೆರೆದಿದ್ದರೆ ಒಳಗಿರುವ ತಾಯಿ, ಮಗು, ವಯಸ್ಸಾದವರು ಅದೇ ಗಾಳಿಯನ್ನು ಉಸಿರಾಡುತ್ತಾರೆ.

ಕಾಣುವ ಹುಡಿ, ಕಾಣದ ಹುಡಿ

ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್.) ಕಣ್ಣಿಗೆ ಕಾಣುವ ದಪ್ಪ ಹುಡಿ ಹೆಚ್ಚಾಗಿ ಮೂಗು, ಗಂಟಲಿನಲ್ಲೇ ನಿಲ್ಲುತ್ತದೆ. ಸೀನು, ಕಫದೊಡನೆ ಅದರ ಬಹುಪಾಲು ಹೊರಬರುತ್ತದೆ. ೧೦ ಮೈಕ್ರಾನಿಗಿಂತ ಸಣ್ಣದು ಶ್ವಾಸನಾಳಕ್ಕೆ ಇಳಿಯುತ್ತದೆ. ಇನ್ನೂ ಸಣ್ಣದು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಹೋಗುತ್ತದೆ. ಅದನ್ನು ನೋಡಬೇಕೆಂದರೆ ಸ್ಯಾಂಡರ್ ಆಡಿಸಿ ಅರ್ಧ ಗಂಟೆ ಕಳೆದ ಮೇಲೆ, ಕತ್ತಲಾದಾಗ ಚಪ್ಪರದಲ್ಲಿ ಒಂದು ಟಾರ್ಚ್ ಬೆಳಗಿಸಿ. ಬೆಳಕಿನ ಕೋಲಿನಲ್ಲಿ ಕುಣಿಯುವ ಕಣಗಳು ಕಾಣುತ್ತವೆ. ಇವುಗಳಲ್ಲೂ ಅತಿ ಸಣ್ಣವು ಟಾರ್ಚಿಗೂ ಕಾಣಿಸವು.

ಎಷ್ಟು ಧೂಳು ಹೆಚ್ಚಾಯಿತು ಎನ್ನಬೇಕು? ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ ೧ ಮಿಲಿಗ್ರಾಂ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ ಸುಮಾರು ೩೪ ಘನ ಮೀಟರ್. ಅಂದರೆ ಇಡೀ ಕೋಣೆಯಲ್ಲಿ ೩೪ ಮಿಲಿಗ್ರಾಂ ಧೂಳು ತೇಲಿದರೆ ಮಿತಿ ಮುಟ್ಟಿತು. ಒಂದು ಚಿಟಿಕೆ ಉಪ್ಪಿನ ತೂಕವೇ ಇದರ ಹಲವು ಪಟ್ಟು.

ಈ ಧೂಳಿನಿಂದ ಸಾಮಾನ್ಯವಾಗಿ ಬರುವ ತೊಂದರೆಗಳೆಂದರೆ ಮೂಗು ಸೋರುವುದು, ಕಣ್ಣುರಿ, ಬಿಡದ ಕೆಮ್ಮು ಮತ್ತು ಉಬ್ಬಸ. ಬೀಟೆ, ತೇಗದಂಥ ಮರಗಳ ಹುಡಿಗೆ ಕೆಲವರಿಗೆ ಚರ್ಮದಲ್ಲಿ ತುರಿಕೆ, ಗುಳ್ಳೆ ಏಳುವುದೂ ಉಂಟು. ಅಪರೂಪದ, ಆದರೆ ತಿಳಿದಿರಬೇಕಾದ ಇನ್ನೊಂದು ಕಾಯಿಲೆ ಮೂಗಿನೊಳಗಿನ ಕ್ಯಾನ್ಸರ್. ಇದು ಗೊತ್ತಾದ ಬಗೆ ಕುತೂಹಲಕರವಾಗಿದೆ. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ-ಮೇಜು ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಕಿವಿ-ಮೂಗು-ಗಂಟಲು ಶಸ್ತ್ರವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಅವರು ೧೯೬೦ರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ಬೇರೆಡೆ ಬಹಳ ವಿರಳವಾದ ಒಂದು ಬಗೆಯ ಮೂಗಿನ ಕ್ಯಾನ್ಸರ್ ತಮ್ಮಲ್ಲಿಗೆ ಬರುವ ಪೀಠೋಪಕರಣ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು. ರೋಗಿಯನ್ನು "ಏನು ಕೆಲಸ ಮಾಡುತ್ತೀರಿ?" ಎಂದು ವಿಚಾರಿಸಿದ್ದರಿಂದಲೇ ಈ ನಂಟು ಹೊರಬಿತ್ತು. ಆಕ್ಸ್‌ಫರ್ಡಿನ ವೈದ್ಯರೊಡನೆ ಸೇರಿ ೧೯೬೮ರಲ್ಲಿ ಅದನ್ನು ಪ್ರಕಟಿಸಿದರು. ೧೯೯೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ಯಾರೂ ಗಾಬರಿಯಾಗಬೇಕಾಗಿಲ್ಲ. ಹತ್ತಾರು ವರ್ಷ ಧೂಳಿನಲ್ಲೇ ದುಡಿದವರಲ್ಲಿಯೂ ಇದು ಕೆಲವೇ ಮಂದಿಗೆ ಬರುವಂಥದು. ಉಬ್ಬಸ ಮಾತ್ರ ಹಾಗಲ್ಲ, ಅದು ಬೇಗ ಬರುತ್ತದೆ, ಒಮ್ಮೆ ಬಂದರೆ ಸುಲಭದಲ್ಲಿ ಬಿಡುವುದಿಲ್ಲ.

ಹುಟ್ಟಿದಲ್ಲೇ ಹಿಡಿಯಬೇಕು

ಧೂಳು ಕೋಣೆಯಲ್ಲಿ ಹರಡಿದ ಮೇಲೆ ಅದನ್ನು ಹಿಡಿಯುವುದು ಕಷ್ಟ. ಯಂತ್ರದ ಹಲ್ಲಿನಿಂದ ಹೊರಡುವಾಗಲೇ ಹೀರಿಕೊಳ್ಳುವುದು ಸುಲಭ. ಹೀರುವ ಯಂತ್ರಗಳಲ್ಲಿ ಎರಡು ಬಗೆ. ಎಲ್ಲ ಕೆಲಸಕ್ಕೂ ಒಂದೇ ಸಾಕೆಂದು ಕೊಂಡರೆ ಹಣ ವ್ಯರ್ಥವಾದೀತು.

ಮೊದಲನೆಯದು ವ್ಯಾಕ್ಯೂಮ್ ಕ್ಲೀನರ್. ಅದರ ಸೆಳೆತ ಬಲವಾದದ್ದು, ಆದರೆ ಎಳೆಯುವ ಗಾಳಿಯ ಪ್ರಮಾಣ ಕಡಿಮೆ. ಕೈಯಲ್ಲಿ ಹಿಡಿಯುವ ಸ್ಯಾಂಡರ್, ರೂಟರ್, ಸಣ್ಣ ಗರಗಸಗಳಿಗೆ ಇದು ಸರಿ. ಈ ಯಂತ್ರಗಳ ಹಿಂಬದಿಯಲ್ಲಿ ಧೂಳು ಬರುವ ಒಂದು ಬಾಯಿ ಇರುತ್ತದೆ. ಅದಕ್ಕೆ ಬಟ್ಟೆಚೀಲ ಕಟ್ಟುವ ಬದಲು ವ್ಯಾಕ್ಯೂಮಿನ ಪೈಪು ಸಿಕ್ಕಿಸಬೇಕು. ಎರಡನೆಯದು ದೊಡ್ಡ ಫ್ಯಾನ್ ಮತ್ತು ಚೀಲವಿರುವ ಧೂಳುಸಂಗ್ರಾಹಕ. ಇದರ ಸೆಳೆತ ಮೆದು, ಗಾಳಿ ಹೆಚ್ಚು. ಮೇಜಿನ ಗರಗಸ, ಪ್ಲೇನರ್ ಯಂತ್ರಗಳಿಗೆ ನಿಮಿಷಕ್ಕೆ ಸುಮಾರು ೩೫೦ರಿಂದ ೪೦೦ ಘನ ಅಡಿ ಗಾಳಿ ಬೇಕಾಗುವುದರಿಂದ ಅಲ್ಲಿ ಇದೇ ಆಗಬೇಕು. ವ್ಯಾಕ್ಯೂಮನ್ನು ಪ್ಲೇನರಿಗೆ ಜೋಡಿಸಿದರೆ ಪೈಪು ಕಟ್ಟಿಕೊಂಡು ಕೂರುತ್ತದೆ.

ಪೈಪಿನ ವಿಷಯದಲ್ಲಿ ಜಿಪುಣತನ ಬೇಡ. ಅಗಲ ಅರ್ಧವಾದರೆ ಗಾಳಿ ಹೋಗುವ ದಾರಿ ಕಾಲು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಯಂತ್ರಕ್ಕೆ ಬಚ್ಚಲ ನೀರು ಹೋಗಲು ಹಾಕುವ ೧೧೦ ಮಿಲಿಮೀಟರಿನ ಪಿವಿಸಿ ಪೈಪು ಸಾಕು, ಅದು ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಸುಕ್ಕುಸುಕ್ಕಾದ ಮೆದು ಪೈಪು ಗಾಳಿಯನ್ನು ತಡೆಯುವುದರಿಂದ ಅದನ್ನು ಕೊನೆಯ ಒಂದೆರಡು ಅಡಿಗೆ ಮಾತ್ರ ಬಳಸಿ. ನೇರ ಮೂಲೆಯ ಎಲ್ಬೋ ಒಂದರ ಬದಲು ಅರ್ಧ ಬಾಗಿದ ಬೆಂಡ್ ಎರಡು ಹಾಕುವುದು ಉತ್ತಮ.

ಇನ್ನು ಬಕೆಟ್ಟಿನ ಉಪಾಯ. ವ್ಯಾಕ್ಯೂಮಿಗೂ ಯಂತ್ರಕ್ಕೂ ನಡುವೆ ಬಿಗಿ ಮುಚ್ಚಳದ ೨೦ ಲೀಟರಿನ ಪೇಂಟ್ ಬಕೆಟ್ ಇಡಬೇಕು. ಧೂಳು ಬರುವ ಪೈಪು ಬಕೆಟ್ಟಿನ ಅಂಚಿಗೆ ಸವರಿಕೊಂಡು ಓರೆಯಾಗಿ ಒಳಗೆ ಹೋಗಬೇಕು, ವ್ಯಾಕ್ಯೂಮಿಗೆ ಹೋಗುವ ಪೈಪು ಮುಚ್ಚಳದ ನಡುವಿನಿಂದ ಹೊರಡಬೇಕು. ಒಳಗೆ ಗಾಳಿ ಸುಳಿಯಂತೆ ಸುತ್ತುತ್ತದೆ. ಭಾರದ ಹುಡಿ ಗೋಡೆಗೆ ತಾಗಿ ತಳಕ್ಕೆ ಇಳಿಯುತ್ತದೆ, ಹಗುರ ಹುಡಿ ಮಾತ್ರ ವ್ಯಾಕ್ಯೂಮಿಗೆ ಹೋಗುತ್ತದೆ. ಫಿಲ್ಟರ್ ಬೇಗ ಕಟ್ಟಿಕೊಳ್ಳದೆ ಸೆಳೆತ ಉಳಿಯುತ್ತದೆ. ತೆಳು ಬಕೆಟ್ ಆದರೆ ಪೈಪು ಕಟ್ಟಿಕೊಂಡಾಗ ಒಳಕ್ಕೆ ಮಡಚಿಕೊಳ್ಳುವುದರಿಂದ ದಪ್ಪದ್ದನ್ನೇ ಆರಿಸಿ.

ಜನ ಹೆಚ್ಚಾಗಿ ಎಡವುವುದು ಚೀಲದ ವಿಷಯದಲ್ಲಿ. ಅಗ್ಗದ ಸಂಗ್ರಾಹಕಗಳ ಬಟ್ಟೆಚೀಲ ೩೦ ಮೈಕ್ರಾನಿಗಿಂತ ಸಣ್ಣದನ್ನು ಹಿಡಿಯದೆ ಇರಬಹುದು. ಆಗ ನೆಲ ಚೊಕ್ಕಟವಾಗಿ ಕಾಣುತ್ತದೆ, ಆದರೆ ಹಾನಿ ಮಾಡುವ ಹುಡಿ ಚೀಲದಿಂದ ನುಸುಳಿ ಕೋಣೆಯನ್ನೆಲ್ಲ ತುಂಬುತ್ತದೆ. ೧ ಮೈಕ್ರಾನ್ ಹಿಡಿಯುವ ಚೀಲ ಅಥವಾ ಮಡಿಕೆಯ ಫಿಲ್ಟರ್ ಕೇಳಿ ಪಡೆಯಿರಿ. ಇಲ್ಲವಾದರೆ ಸಂಗ್ರಾಹಕವನ್ನೇ ಗೋಡೆಯ ಹೊರಗೆ ಸಣ್ಣ ಮಾಡಿನ ಕೆಳಗೆ ಇರಿಸಿ, ಪೈಪು ಮಾತ್ರ ಒಳಗೆ ಬರುವಂತೆ ಮಾಡಿ. ಹೊಸ ರೂಟರಿಗೆ ಹಣ ಹೊಂದಿಸುವವರು ಫಿಲ್ಟರಿಗೆ ಹಿಂದೆಮುಂದೆ ನೋಡುವುದನ್ನು ಕಂಡು ಇಷ್ಟು ಹೇಳಬೇಕಾಯಿತು.

ಗಾಳಿ, ಮಳೆ, ನೆರೆಮನೆ

ಕಾಪುವಿನಂತೆ ಕಡಲ ಹತ್ತಿರವಿರುವ ಊರಿನಲ್ಲಿ ಮಳೆಗಾಲ ಕಳೆದ ಮೇಲೆ ಹಗಲು ಪಶ್ಚಿಮದಿಂದ ಕಡಲಗಾಳಿ, ರಾತ್ರಿ ಮತ್ತು ಮುಂಜಾವಿನಲ್ಲಿ ಪೂರ್ವದಿಂದ ನೆಲದ ಗಾಳಿ ಬೀಸುತ್ತದೆ. ಹಗಲು ಕೆಲಸ ಮಾಡುವವರು ಪಶ್ಚಿಮದ ಬದಿ ತೆರೆದಿಟ್ಟು, ಪೂರ್ವದ ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇಟ್ಟರೆ ಗಾಳಿಯೂ ನೆರವಾಗುತ್ತದೆ. ಅಡುಗೆಮನೆ ಆ ಪೂರ್ವದ ಬದಿಗೇ ಇದ್ದರೆ ಮಾತ್ರ ಬೇರೆ ದಾರಿ ಹುಡುಕಬೇಕು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬಾರದು. ಹಾಗೆ ನಿಂತರೆ ಮೈಯ ಮುಂದೆ ಸುಳಿ ಎದ್ದು ಧೂಳು ಮುಖಕ್ಕೇ ಬರುತ್ತದೆ. ಗಾಳಿ ಪಕ್ಕದಿಂದ ಹಾಯುವಂತೆ ನಿಲ್ಲಿ.

ಕಾರ್ಕಳ ಘಟ್ಟದ ಬುಡದ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ತಡೆಯಲು ಚಪ್ಪರದ ನಾಲ್ಕೂ ಬದಿಗೆ ಟಾರ್ಪಾಲು ಬಿಟ್ಟರೆ ಒಳಗಿನ ಧೂಳಿಗೆ ದಾರಿಯೇ ಇರುವುದಿಲ್ಲ. ಆ ತಿಂಗಳುಗಳಲ್ಲಿ ಸ್ಯಾಂಡರ್ ಕೆಲಸ ಕಡಿಮೆ ಮಾಡಿ, ಉಳಿ-ಕೀಸುಳಿಯ ಕೆಲಸ ಇಟ್ಟುಕೊಳ್ಳುವುದು ಜಾಣತನ. ಒಳಗಿನ ಗಾಳಿಯನ್ನು ಫ್ಯಾನ್ ಹೊರದಬ್ಬಬೇಕಾದರೆ ಎದುರು ಬದಿಯಲ್ಲಿ ಮಾಡಿನ ಅಡಿಯಿಂದಾದರೂ ಅಷ್ಟೇ ಗಾಳಿ ಒಳಬರಬೇಕು. ತೇವದ ಹುಡಿ ಫಿಲ್ಟರಿನಲ್ಲಿ ಹೆಪ್ಪುಗಟ್ಟಿ ಬೂಸು ಹಿಡಿಯುತ್ತದೆ. ಬೂಸಿನ ಧೂಳೂ ಉಬ್ಬಸಕ್ಕೆ ಕಾರಣವಾಗುವುದರಿಂದ ಮಳೆಗಾಲದಲ್ಲಿ ಚೀಲವನ್ನು ದಿನವೂ ಖಾಲಿ ಮಾಡಿ.

ಮಣಿಪಾಲದಂತೆ ಮನೆಗೆ ಮನೆ ತಾಗಿರುವಲ್ಲಿ ಧೂಳನ್ನು ಹೊರಗೆ ಬಿಟ್ಟರೆ ಪಕ್ಕದವರ ಬಟ್ಟೆಯ ಹಗ್ಗದ ಮೇಲೆ ಕೂರುತ್ತದೆ. ಅಲ್ಲಿ ಒಳ್ಳೆಯ ಫಿಲ್ಟರ್ ಬಿಟ್ಟರೆ ಗತಿಯಿಲ್ಲ.

ಕೆಲಸ ಮುಗಿದ ಮೇಲೆ

ಸೀಲಿಂಗ್ ಫ್ಯಾನ್, ಬ್ಲೋವರ್, ಒಣ ಹಿಡಿಸೂಡಿ, ಈ ಮೂರೂ ಕೂತ ಧೂಳನ್ನು ಮತ್ತೆ ಎಬ್ಬಿಸುತ್ತವೆ. ಅಂಗಳ ಗುಡಿಸುವ ಮೊದಲು ನೀರು ಚಿಮುಕಿಸುವ ನಮ್ಮ ಹಳೆಯ ಪದ್ಧತಿಯನ್ನು ಚಪ್ಪರದಲ್ಲೂ ಪಾಲಿಸಿ. ಯಂತ್ರಗಳ ಪ್ಲಗ್ ತೆಗೆದಿಟ್ಟು, ನೆಲಕ್ಕೆ ನೀರು ಚಿಮುಕಿಸಿ ಗುಡಿಸಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಅಂಗಿಯನ್ನು ಹೊರಗೇ ಬಿಚ್ಚಿ, ಕೈ-ಮುಖ ತೊಳೆದು ಆಮೇಲೆ ಮಗುವನ್ನು ಎತ್ತಿಕೊಳ್ಳಿ.

ಬೈರಾಸು ಅಥವಾ ಕರವಸ್ತ್ರ ಕಟ್ಟಿಕೊಂಡರೆ ದಪ್ಪ ಹುಡಿ ತಡೆದೀತು, ಸಣ್ಣದನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-೯೫ ಅಥವಾ ಎಫ್‌ಎಫ್‌ಪಿ-೨ ಮಾಸ್ಕ್ ಬೇಕು. ಗಡ್ಡವಿದ್ದರೆ ಅದರ ಅಂಚಿನಿಂದ ಗಾಳಿ ನುಸುಳುತ್ತದೆ. ಯಂತ್ರ ನಿಲ್ಲಿಸಿದ ಕೂಡಲೇ ಮಾಸ್ಕ್ ತೆಗೆಯಬೇಡಿ, ತೇಲುವ ಹುಡಿ ಆಗಲೂ ಇರುತ್ತದೆ.

ಮರದ ಹುಡಿಯನ್ನು ಬಚ್ಚಲ ಒಲೆಗೆ ಹಾಕುವುದು ನಮ್ಮಲ್ಲಿ ರೂಢಿ. ಪ್ಲೈವುಡ್, ಎಂಡಿಎಫ್ ಹುಡಿಯನ್ನು ಹಾಗೆ ಉರಿಸಬೇಡಿ. ಅವುಗಳ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದನ್ನೂ ೨೦೦೪ರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಗುರುತಿಸಲಾಗಿದೆ. ಬರೀ ಮರದ ಹುಡಿಯಾದರೂ ಮುಷ್ಟಿಗಟ್ಟಲೆ ಬೆಂಕಿಗೆ ಎರಚಿದರೆ ಭಗ್ಗನೆ ಹತ್ತಿ ಮುಖ ಸುಡುತ್ತದೆ. ಚಪ್ಪರದಲ್ಲಿ ಬೀಡಿ ಸೇದಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ವೈದ್ಯರಿಗೆ ಏನು ಹೇಳಬೇಕು

ಕೆಮ್ಮು ಅಥವಾ ಎದೆ ಬಿಗಿತ ಕೆಲಸದ ದಿನಗಳ ಸಂಜೆ, ರಾತ್ರಿ ಹೆಚ್ಚಾಗಿ, ನಾಲ್ಕು ದಿನ ನೆಂಟರ ಮನೆಗೆ ಹೋದಾಗ ಕಡಿಮೆಯಾಗುತ್ತದೆಯೇ? ಅದನ್ನು ತಪ್ಪದೆ ಹೇಳಿ. ಕೆಲಸದಿಂದ ಬಂದ ಉಬ್ಬಸವನ್ನು ಗುರುತಿಸಲು ಇದು ಮುಖ್ಯ ಸುಳಿವು. "ಧೂಳಿನ ಅಲರ್ಜಿ" ಎಂದಷ್ಟೇ ಹೇಳಿದರೆ ಸಾಲದು. ಮನೆಯವರಲ್ಲಿ, ಅದರಲ್ಲೂ ಮಕ್ಕಳಲ್ಲಿ ಉಬ್ಬಸ ಇದ್ದರೆ ಮನೆಯಲ್ಲಿ ಮರಗೆಲಸ ನಡೆಯುವುದನ್ನು ತಿಳಿಸಿ. ಉಸಿರೆಳೆದುಕೊಳ್ಳುವ ಇನ್‌ಹೇಲರ್ ಔಷಧಿ ಚಟವಾಗುತ್ತದೆಂಬ ಭಯ ಬೇಡ. ವೈದ್ಯರು ಬರೆದುಕೊಟ್ಟದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೂಗಿನ ಒಂದೇ ಹೊಳ್ಳೆ ಮೂರು ವಾರ ಕಳೆದರೂ ಕಟ್ಟಿಕೊಂಡೇ ಇದ್ದರೆ, ಅಥವಾ ಒಂದೇ ಕಡೆಯಿಂದ ಮತ್ತೆ ಮತ್ತೆ ರಕ್ತ ಮಿಶ್ರಿತ ಸಿಂಬಳ ಬರುತ್ತಿದ್ದರೆ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಬರುವಾಗ ಎಷ್ಟು ವರ್ಷಗಳಿಂದ ಈ ಕೆಲಸ, ಹೆಚ್ಚಾಗಿ ಯಾವ ಮರ, ಯಾವ ಯಂತ್ರ, ಯಾವ ಅಂಟು ಮತ್ತು ಪಾಲಿಶ್ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ.