ಓಡುವ ಮೊದಲು ಉಸಿರಿನ ಇಳುವರಿ ನೋಡಿ

ಕೊಳವೆಬಾವಿ ಕೊರೆಸಿದ ರೈತನನ್ನು ಊರವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಇಂಚು ನೀರು ಬಿತ್ತು?" ಎಂಬುದು. ಒಂದು ಇಂಚು ನೀರಿನ ಬಾವಿಗೆ ಹತ್ತು ಅಶ್ವಶಕ್ತಿಯ ಮೋಟಾರು ಇಳಿಸಿದರೆ ಸ್ವಲ್ಪ ಹೊತ್ತಿನಲ್ಲೇ ನೀರು ನಿಂತು ಮೋಟಾರು ಸುಡುತ್ತದೆ. ದೇಹಕ್ಕೂ ಇದೇ ಲೆಕ್ಕ. ಕಾಲುಗಳು ಮೋಟಾರು, ಹೃದಯ, ಶ್ವಾಸಕೋಶ ಮತ್ತು ರಕ್ತ ಸೇರಿ ಬಾವಿ. ನಿಮಿಷಕ್ಕೆ ದೇಹವು ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬುದೇ ಆ ಬಾವಿಯ ಇಳುವರಿ. ಇದನ್ನು ಅಳೆಯಲು ಸುಲಭವಾದ ಪರೀಕ್ಷೆಯೊಂದಿದೆ.

ಕೃಷಿ ಪುಟದಲ್ಲಿ ಓಟದ ಮಾತೇಕೆ ಎಂದು ಕೆಲವರು ಕೇಳಬಹುದು. ಆನೇಕಲ್, ಹೊಸಕೋಟೆ, ನೆಲಮಂಗಲ ಕಡೆಯ ಎಷ್ಟೋ ರೈತರ ಮಕ್ಕಳು ಪೊಲೀಸ್ ಕೆಲಸಕ್ಕೂ ಸೈನ್ಯಕ್ಕೂ ಅರ್ಜಿ ಹಾಕುತ್ತಾರೆ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಎಂದರೆ ಗಂಟೆಗೆ ಸುಮಾರು 14.8 ಕಿಲೋಮೀಟರ್ ವೇಗ. "ರೈತನ ಮಗ, ಓಡಿಯಾನು ಬಿಡಿ ಸಾರ್" ಎಂಬುದು ತಂದೆಯರ ಧೈರ್ಯ. ಆ ಮಾತು ನೇಗಿಲ ಹಿಂದೆ ದಿನವಿಡೀ ನಡೆಯುತ್ತಿದ್ದ ಕಾಲದ್ದು. ಈಗ ಉಳುವುದು ಟ್ರಾಕ್ಟರು, ನೀರೆತ್ತುವುದು ಮೋಟಾರು. ಮಗ ಬೈಕಿನಲ್ಲಿ ಪೀಣ್ಯಕ್ಕೆ ಹೋಗಿ ಯಂತ್ರದ ಮುಂದೆ ನಿಲ್ಲುತ್ತಾನೆ, ಇಲ್ಲವೇ ಕಂಪನಿಯ ಬಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಕುಳಿತು ಬರುತ್ತಾನೆ. ಜಮೀನು ಪಹಣಿಯಲ್ಲಿ ಬರುತ್ತದೆ, ತಾತನ ಉಸಿರು ಬರುವುದಿಲ್ಲ.

2024ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಜಾರ್ಖಂಡದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಅಲ್ಲಿ ಪುರುಷರು ಒಂದು ಗಂಟೆಯಲ್ಲಿ ಹತ್ತು ಕಿಲೋಮೀಟರ್ ಓಡಬೇಕಿತ್ತು. ಕಾರಣಗಳ ಚರ್ಚೆ ಏನೇ ಇರಲಿ, ತನ್ನ ಶಕ್ತಿ ಎಷ್ಟೆಂದು ತಿಳಿಯದೆ ನೇಮಕಾತಿಯ ದಿನವೇ ಮೊದಲ ಬಾರಿಗೆ ಪೂರ್ತಿ ಬಲ ಹಾಕಿ ಓಡುವುದು ಅಪಾಯಕ್ಕೆ ದಾರಿ.

ಕೆನಡಾ ದೇಶದ ಮಾಂಟ್ರಿಯಲ್‌ನ ಲ್ಯೂಕ್ ಲೆಜೆ ಎಂಬ ವಿಜ್ಞಾನಿ ಸಹೋದ್ಯೋಗಿಯೊಬ್ಬರೊಂದಿಗೆ 1982ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. 20 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಮಗ್ಗದ ಲಾಳಿಯಂತೆ ಅವುಗಳ ನಡುವೆ ಹೋಗಿ ಬರುತ್ತಾ ಓಡುವುದು. ಗುಂಟೆಯ ಒಂದು ಬದಿ 33 ಅಡಿ ಎಂಬುದು ನಿಮಗೆ ಗೊತ್ತೇ ಇದೆ. ಎರಡು ಗುಂಟೆಯ ಉದ್ದದಲ್ಲಿ ಸುಮಾರು ನಾಲ್ಕೂವರೆ ಅಂಗುಲ ಕಳೆದರೆ 20 ಮೀಟರ್. ಆದರೂ ಟೇಪು ಹಿಡಿದೇ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಗೆರೆಗಳ ಆಚೆಗೂ ಎರಡು ಮೂರು ಮೀಟರ್ ಖಾಲಿ ಜಾಗ ಇರಲಿ.

ನಮ್ಮ ಸುತ್ತಲಿನ ಊರುಗಳಿಗೆ ಇದು ಒಗ್ಗುವುದು ಈ ಅಳತೆಯಿಂದಲೇ. ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರದ ಕಡೆ ಗೋಮಾಳವೂ ಇಲ್ಲ, ಗುಂಡುತೋಪೂ ಇಲ್ಲ. ರಸ್ತೆಯಲ್ಲಿ ಓಡೋಣವೆಂದರೆ ನೀರಿನ ಟ್ಯಾಂಕರು, ಜಲ್ಲಿ ಲಾರಿ. 1600 ಮೀಟರ್ ಓಡಿಸಲು ಮೈದಾನ ಹುಡುಕಬೇಕು. 20 ಮೀಟರ್ ಎಂದರೆ ಶಾಲೆಯ ಅಂಗಳ ಸಾಕು, ಸುಗ್ಗಿ ಮುಗಿದ ದೊಡ್ಡ ಕಣವೂ ಆದೀತು.

ವೇಗವನ್ನು ಹೇಳುವುದು ಧ್ವನಿಮುದ್ರಿಕೆ. ಮೊಬೈಲಿನಲ್ಲಿ ಇದು ಸಿಗುತ್ತದೆ. "ಪೀಪ್" ಎಂದಾಗ ಓಟಗಾರ ಎದುರಿನ ಗೆರೆ ಮುಟ್ಟಿರಬೇಕು. ಮೊದಲ ನಿಮಿಷ ಗಂಟೆಗೆ 8.5 ಕಿಲೋಮೀಟರ್ ವೇಗ. ಒಂದು ಸಲ 20 ಮೀಟರ್ ದಾಟಲು ಸುಮಾರು ಎಂಟೂವರೆ ಸೆಕೆಂಡು. ಆಮೇಲೆ ನಿಮಿಷಕ್ಕೊಮ್ಮೆ ವೇಗ ಅರ್ಧ ಕಿಲೋಮೀಟರ್ ಏರುತ್ತದೆ. ಎಂಟನೆಯ ನಿಮಿಷದಲ್ಲಿ ವೇಗ 12 ಕಿಲೋಮೀಟರ್. ಆಗ ಸಿಗುವುದು ಆರೇ ಸೆಕೆಂಡು. ಮೊದಲು ಎಲ್ಲರೂ ನಗುತ್ತಲೇ ಓಡುತ್ತಾರೆ, ನಗು ನಿಲ್ಲುವುದು ಐದಾರನೆಯ ನಿಮಿಷದಲ್ಲಿ. ಸತತವಾಗಿ ಎರಡು ಬಾರಿ ಪೀಪ್‌ಗೆ ಮೊದಲು ಗೆರೆ ಮುಟ್ಟಲಾಗದಿದ್ದರೆ ಅಲ್ಲಿಗೆ ಓಟ ಮುಗಿಯಿತು. ಬೇರೆ ಬೇರೆ ಮುದ್ರಿಕೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ. ಆದುದರಿಂದ ಪ್ರತಿ ಸಲವೂ ಒಂದನ್ನೇ ಬಳಸತಕ್ಕದ್ದು.

ಹದಿನೆಂಟು ದಾಟಿದವರ ಲೆಕ್ಕ ಹೀಗೆ: ಪೂರ್ತಿ ಮುಗಿಸಿದ ಕೊನೆಯ ಹಂತದ ವೇಗವನ್ನು ಆರರಿಂದ ಗುಣಿಸಿ 27.4 ಕಳೆಯಿರಿ. 12 ಕಿಲೋಮೀಟರ್ ಹಂತ ಮುಗಿಸಿದವನಿಗೆ 44.6 ಬರುತ್ತದೆ. ಅವನ ದೇಹ ತನ್ನ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 44.6 ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂದರ್ಥ. 10 ಕಿಲೋಮೀಟರಿಗೇ ನಿಂತವನದು 32.6. ಇದು ಅಂದಾಜು, ಪ್ರಯೋಗಾಲಯದ ಅಳತೆಗೆ ಸಮನಲ್ಲ. ಗೆರೆಯಲ್ಲಿ ನಿಂತು ತಿರುಗಲು ಬಲ ಖರ್ಚಾಗುವುದರಿಂದ ಇಲ್ಲಿಯ ವೇಗವನ್ನು ನೇರ ಓಟದ ವೇಗಕ್ಕೆ ಹೋಲಿಸಬಾರದು.

ಗೇಯ್ಮೆಗೂ ಈ ಅಂಕಿ ಸಂಬಂಧಪಟ್ಟದ್ದೇ. ಎಂಟು ಗಂಟೆಯ ದುಡಿಮೆಯಲ್ಲಿ ಈ ಸಾಮರ್ಥ್ಯದ ಶೇಕಡಾ 35ರಷ್ಟನ್ನು ಬಳಸುವುದು ತಕ್ಕ ಮಿತಿ ಎಂದು ಭಾರತದ ಕೆಲಸಗಾರರನ್ನು ಕುರಿತು 1979ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಒಂದೇ ಮಂಕರಿ ಗೊಬ್ಬರ ಹೊತ್ತ ಇಬ್ಬರಲ್ಲಿ ಒಬ್ಬ ಹಾಡಿಕೊಂಡು ಹೋಗುವುದು, ಇನ್ನೊಬ್ಬ ಬದುವಿನ ಮೇಲೆ ಕೂರುವುದು ಬರೀ ಸೋಮಾರಿತನದ ಮಾತಲ್ಲ.

ಕಡಿಮೆ ಅಂಕಿ ಬಂದರೆ ನಾಚಿಕೆ ಬೇಡ. ಇದೇ ಜಾತಿಯ ಯೋ-ಯೋ ಪರೀಕ್ಷೆಯನ್ನು ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ರೂಪಿಸಿದರು. ಅದರಲ್ಲಿ ಪ್ರತಿ ಸುತ್ತಿನ ನಡುವೆ ಹತ್ತು ಸೆಕೆಂಡು ಬಿಡುವು. 2018ರ ಜೂನ್‌ನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಮೊಹಮ್ಮದ್ ಶಮಿ ಅಂಥ ದೈಹಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಅಫ್ಘಾನಿಸ್ತಾನದ ವಿರುದ್ಧದ ಟೆಸ್ಟ್ ಪಂದ್ಯ ತಪ್ಪಿತು. ಆಗಸ್ಟ್‌ನಲ್ಲಿ ಅವರು ಇಂಗ್ಲೆಂಡಿನಲ್ಲಿ ಬೌಲಿಂಗ್ ಮಾಡುತ್ತಿದ್ದರು.

ಅಭ್ಯಾಸವನ್ನು ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಇಟ್ಟುಕೊಳ್ಳಿ. ಒಂದೆರಡು ನಿಮಿಷ ಓಟ, ಅಷ್ಟೇ ಹೊತ್ತು ನಡಿಗೆ. ಓಟದ ಪಾಲನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಓಡಬೇಡಿ. ಹೆಣ್ಣುಮಕ್ಕಳು ಬೇಗ ಸುಸ್ತಾಗುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇದ್ದರೆ ಆಮ್ಲಜನಕ ಹೊರುವ ಆಳುಗಳೇ ಕಡಿಮೆ ಇದ್ದಂತೆ. ಬರೀ ಅಭ್ಯಾಸದಿಂದ ಅದು ತುಂಬುವುದಿಲ್ಲ. ಸೊಪ್ಪು, ಹುರುಳಿ, ಮೇಲೊಂದಿಷ್ಟು ನಿಂಬೆರಸ ಇರಲಿ. ಊಟದ ಜೊತೆಗೇ ಕಾಫಿ, ಟೀ ಬೇಡ.

ಈ ಓಟ ಕೊನೆಯಲ್ಲಿ ದೇಹದ ಪೂರ್ತಿ ಬಲವನ್ನು ಕೇಳುತ್ತದೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಯಾರಾದರೂ ತೀರಿಕೊಂಡಿರುವವರು ವೈದ್ಯರನ್ನು ಕೇಳದೆ ಓಡಕೂಡದು. ಜ್ವರದಿಂದ ಎದ್ದವರೂ ಅಷ್ಟೆ. ಓಡುವಾಗ ಎದೆ ಬಿಗಿದರೆ, ತಲೆ ತಿರುಗಿದರೆ ಪೀಪ್ ಕಡೆ ನೋಡದೆ ನಿಲ್ಲಬೇಕು.

ಮುದ್ದೆ ಉಂಡ ಮೂರು ಗಂಟೆಯೊಳಗೆ ಪರೀಕ್ಷೆ ಬೇಡ. ಬೆಳಿಗ್ಗೆ ಬಿಸಿಲೇರುವ ಮೊದಲು, ಜೊತೆಗೆ ಇನ್ನೊಬ್ಬರಿದ್ದು, ಅವರು ಗೆರೆ ನೋಡಿ ಹಂತ ಬರೆದುಕೊಳ್ಳಲಿ. ಆರು ವಾರಕ್ಕೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮತ್ತೊಮ್ಮೆ ಓಡಿ ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ.